ಕಮಲಾಪುರದ ಬಾವಿಯ ಮೊದಲ ನೀರು

ಇವತ್ತು ಮೊಮ್ಮಗಳ ಆಫೀಸಿನವರು ಶರಣಸಿರಸಗಿಯ ಶಾಲೆಗೆ ನೀರಿನ ಟಾಕಿ ಕಟ್ಟಿಸಿಕೊಟ್ಟರು. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಜಾಮರ ಕಾಲಕ್ಕೆ ಹೋಗಿಬಿಟ್ಟೆ.

ಅಪ್ಪ ಕಲಬುರಗಿಯ ಬಟ್ಟೆ ಗಿರಣಿಯಲ್ಲಿ ನೇಕಾರ. ಅವನ ಹುಟ್ಟೂರು ಕಮಲಾಪುರದಲ್ಲಿ ನೀರಿಗೆ ಬಹಳ ತ್ರಾಸು. ಅವನ ಮಾತಿಗೆ ಗಿರಣಿಯ ಹತ್ತು-ಹನ್ನೆರಡು ಮಂದಿ ಪ್ರತಿ ಶುಕ್ರವಾರ, ಆಗಿನ ವಾರದ ಸೂಟಿಯ ದಿನ, ಲಾರಿ ಹತ್ತಿ ಹೋಗಿ, ಅಲ್ಲೊಂದು ಬಾವಿ ತೋಡಿದರು. ಎಲ್ಲರಿಗಿಂತ ಹೆಚ್ಚು ಕಲ್ಲು ಒಡೆದವನು ಅಪ್ಪನ ಜೊತೆ ದಿನಾ ಕೂತು ಬುತ್ತಿ ಉಣ್ಣುತ್ತಿದ್ದ ಭೀಮಶ್ಯಾ ಕಾಕಾ. ಅಂಗೈ ತುಂಬ ಗುಳ್ಳೆ, ಬಾಯಿ ತುಂಬ ನಗು.

ನೀರು ಬಿದ್ದ ದಿನ ನಾನೂ ಹೋಗಿದ್ದೆ. ಕಾಕಾ ಕೊಡಕ್ಕೆ ಕೈ ಹಾಕಿದ. ಊರಿನ ಹಿರಿಯರೊಬ್ಬರು ಕೂಗಿದರು: "ಏ, ಮುಟ್ಟಬ್ಯಾಡ! ನಿಮ್ಮ ಕೇರಿ ಮಂದಿ ದೂರ ನಿಂದ್ರಬೇಕು."

ಕಾಕಾ ದಲಿತನೆಂದು ನನಗೆ ತಿಳಿದದ್ದೇ ಆಗ. ಅಪ್ಪ ತಲೆ ತಗ್ಗಿಸಿದ.

ನಾನಾಗಲೇ ಚರಿಗೆ ಎತ್ತಿ ಗಟಗಟ ಕುಡಿಯುತ್ತಿದ್ದೆ. ಕಾಕಾ ದೂರದಿಂದಲೇ ಕೇಳಿದ: "ನೀರು ಹ್ಯಾಂಗ ಅದಾವ, ತಂಗಿ?"

"ಸಿಹಿ ಅದಾವ, ಕಾಕಾ," ಅಂದೆ. ಚರಿಗೆ ಒಯ್ದು ಕೊಡಲಿಲ್ಲ.

ಮರುದಿನದಿಂದ ಅಪ್ಪ ಅವನ ಜೊತೆ ಬುತ್ತಿಗೆ ಕೂಡಲಿಲ್ಲ. "ಅವಗ ಯಾವ ಮಾರಿ ತೋರಸ್ಲಿ?" ಅಂತ ಮುಖ ಮುಚ್ಚಿಕೊಂಡು ಅವ್ವನ ಮುಂದೆ ಅತ್ತ.

ಅಪ್ಪ, ಕಾಕಾ ಇಬ್ಬರೂ ತೀರಿಹೋಗಿ ಎಷ್ಟೋ ವರ್ಷವಾದವು. ನನಗೂ ತೊಂಬತ್ತು ಹತ್ತಿರವಾಯಿತು. "ನೀ ಆಗ ಸಣ್ಣಾಕಿ ಇದ್ದಿ, ಅಮ್ಮಾ," ಅಂತ ಮೊಮ್ಮಗಳು ಸಮಾಧಾನ ಹೇಳುತ್ತಾಳೆ. ಆದರೆ ಕಾಕಾಗೆ ನೀರಡಿಸಿದೆ ಅಂತ ನನಗೆ ಆ ದಿನ ಚೆನ್ನಾಗಿಯೇ ಗೊತ್ತಿತ್ತು.