ಕ್ರೀಮು ಹಚ್ಚಿದ ಮುಖಗಳು

ನೌಪಾಡಾದ ಒಂದು ಮೆಡಿಕಲ್ ಅಂಗಡಿಯಲ್ಲಿ ಐದು ವರ್ಷ ಕೌಂಟರಿನ ಹಿಂದೆ ನಿಂತಿದ್ದೆ. ಅಲ್ಲಿ ಚೀಟಿಯಿಲ್ಲದೆ ಅತಿ ಹೆಚ್ಚು ಹೋಗುತ್ತಿದ್ದದ್ದು ಒಂದು ಚರ್ಮದ ಕ್ರೀಮು. ಅದರಲ್ಲಿ ಸ್ಟೆರಾಯ್ಡ್ ಇದೆ, ಡಾಕ್ಟರ ಚೀಟಿ ಬೇಕು ಎಂದು ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತಿತ್ತು. ಆದರೆ ಡಾಕ್ಟರ ಒಂದು ಸಲದ ಫೀಸಿನಲ್ಲಿ ಆರು ಟ್ಯೂಬು ಬರುತ್ತಿತ್ತು. ಅರ್ಧ ದಿನದ ದುಡಿಮೆಯೂ ಉಳಿಯುತ್ತಿತ್ತು. ಬಡವರು ದುಡ್ಡನ್ನು ಚೀಟಿಗೆ ಸುರಿಯಬೇಕೋ, ಮದ್ದಿಗೋ ಎಂದು ಮಾಲೀಕರು ಕೇಳಿದರೆ ನನಗೂ ನ್ಯಾಯವೆನಿಸುತ್ತಿತ್ತು.

ವಿಜಯಪುರದ ಕಡೆಯ ಹೆಂಗಸೊಬ್ಬಳು ದಿವಾದಿಂದ ರೈಲಿನಲ್ಲಿ ಬಂದು ಅಂಗಡಿಯ ಸುತ್ತಲಿನ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಕೆನ್ನೆಯ ಕಪ್ಪು ಕಲೆಗೆ ಮೊದಲ ಟ್ಯೂಬು ಕೊಟ್ಟವಳು ನಾನೇ. ಹದಿನೈದು ದಿನದಲ್ಲಿ ಕಲೆ ಹೋಗಿ ಮುಖ ಬೆಳ್ಳಗಾಯಿತು. ಆಮೇಲೆ ನಾದಿನಿಗೆ, ಪಕ್ಕದವಳಿಗೆ, ಚಾಳಿನ ಸಾಲುಮನೆಗಳ ಉಳಿದವರಿಗೆ ಎಂದು ಒಯ್ಯತೊಡಗಿದಳು. ಕೆಲವು ತಿಂಗಳಾದ ಮೇಲೆ ತಾನು ಅಂಗಡಿಗೆ ಬರುವುದು ಬಿಟ್ಟು ನಾದಿನಿಯನ್ನೇ ಕಳಿಸುತ್ತಿದ್ದಳು.

ಬೇಸಿಗೆಯ ಒಂದು ಬೆಳಿಗ್ಗೆ ಡೊಂಬಿವ್ಲಿಯಿಂದ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೆಲಸಕ್ಕೆ ಬರುತ್ತಿದ್ದೆ. ದಿವಾದಲ್ಲಿ ಗುಂಪೊಂದು ಹತ್ತಿ ಬಾಗಿಲ ಬಳಿ ನಿಂತಿತು. ಮುಂಬ್ರಾ ದಾಟಿ ಬಿಸಿಲು ಒಳಬಿದ್ದದ್ದೇ ತಡ, ಏಳೆಂಟು ಹೆಂಗಸರು ಅದನ್ನು ತಾಳದೆ ಒಟ್ಟಿಗೆ ಮುಖ ತಿರುಗಿಸಿದರು. ತಿರುಗಿದ ಮುಖಗಳೆಲ್ಲ ನನ್ನ ಕಡೆಗಿದ್ದವು. ಈರುಳ್ಳಿ ಸಿಪ್ಪೆಯಷ್ಟು ತೆಳು ಚರ್ಮ, ಅದರಡಿ ಕೆಂಪು ಗೆರೆಗಳು, ಗಲ್ಲದ ಮೇಲೆ ಎಳೆ ರೋಮ. ವಯಸ್ಸು ಬೇರೆ ಬೇರೆ, ಮುಖ ಮಾತ್ರ ಒಂದೇ. ಅವುಗಳಲ್ಲೊಂದು ನನ್ನನ್ನು ನೋಡಿ ನಕ್ಕಿತು. ಅದು ಅಂಗಡಿಗೆ ಬರುತ್ತಿದ್ದ ಆ ಅಡುಗೆಯವಳೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು.

"ಅದನ್ನು ಹಚ್ಚುವುದು ಬಿಡು ಮಾರಾಯ್ತಿ" ಎಂದೆ.

"ಬಿಟ್ಟ ನೋಡೀನ್ರಿ ಅಕ್ಕಾ. ಎರಡ ದಿನಕ್ಕ ಮಾರಿ ಸುಟ್ಟಂಗ ಉರೀತೈತಿ. ಮತ್ತ ಹಚ್ಚಿದ್ರನ ತಣ್ಣಗಾಗತೈತಿ."

ಉಳಿದವರಿಗೂ ಹಾಗೆಯೇ ಏನು ಎಂದು ಕೇಳಿದೆ. ಎಲ್ಲರಿಗೂ ಹಾಗೆಯೇ ಎಂದಳು, ಅದು ಕ್ರೀಮಿನ ಗುಣವೇ ಎಂಬಂತೆ.

ನನ್ನ ರಜೆಯ ದಿನ ಅವಳನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ. ಹೆಸರು ಬರೆಸುವ ಕೇಸ್ ಪೇಪರಿಗೆ ಖರ್ಚಾದದ್ದು ಚಿಲ್ಲರೆ. ಆದರೆ ಆ ದಿನ ಕೆಲಸ ತಪ್ಪಿಸಿದ್ದಕ್ಕೆ ಒಂದು ಮನೆಯವರು ಬೇರೆ ಅಡುಗೆಯವಳನ್ನು ಇಟ್ಟುಕೊಂಡರು. ಡಾಕ್ಟರು ಹೇಳಿದಂತೆ ಕ್ರೀಮು ಬಿಟ್ಟು ಎಂಟು ತಿಂಗಳು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಓಡಾಡಿದಳು. ಉರಿ ನಿಧಾನವಾಗಿ ಇಳಿಯಿತು, ಹಳೆಯ ಕಲೆಯೂ ಮರಳಿತು. ನನ್ನ ಮೇಲೆ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಅದನ್ನು ತಡೆದುಕೊಳ್ಳುವುದೇ ನನಗೆ ಕಷ್ಟವಾಗಿತ್ತು.

ಆ ಟ್ಯೂಬು ನಾನು ಮಾರುವುದಿಲ್ಲ ಎಂದಾಗ ಮಾಲೀಕರು ಸರಿ ಎಂದರು. ನಾನು ಊಟಕ್ಕೆ ಹೋದಾಗ ತಾವೇ ಕೊಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಕೆಲಸ ಬಿಟ್ಟೆ. ಹೊರಡುವ ಮುನ್ನ ಅಡುಗೆಯವಳ ನಾದಿನಿಗೂ ಆಸ್ಪತ್ರೆಗೆ ಬಾ ಎಂದು ಹೇಳಿಕಳಿಸಿದ್ದೆ. ಬಂದರೆ ಅವತ್ತಿನ ಪಗಾರ ಯಾರು ಕೊಡುತ್ತಾರೆ ಎಂದು ಕೇಳಿದಳಂತೆ. ನಾನು ಮತ್ತೆ ಹೇಳಿಕಳಿಸಲಿಲ್ಲ.