ಸಾಹುಕಾರರ ಕೆಮ್ಮಿನ ಔಷಧಿ

ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದಲ್ಲಿ ನನ್ನದೊಂದು ಔಷಧಿ ಅಂಗಡಿಯಿತ್ತು. ಆಗ ಎಷ್ಟೋ ಔಷಧಿಗಳನ್ನು ನಾವೇ ಬೆರೆಸಿ ಶೀಶೆಗೆ ತುಂಬುತ್ತಿದ್ದೆವು. ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸಲು ಕಾಗದದ ಪಟ್ಟಿಗೆ ಕಚ್ಚು ಹಾಕಿ ಶೀಶೆಗೆ ಅಂಟಿಸುತ್ತಿದ್ದೆವು. ಈರುಳ್ಳಿ ಮಂಡಿಯ ಸಾಹುಕಾರರೊಬ್ಬರು ಧೂಳಿನ ಕೆಮ್ಮಿಗೆಂದು ಹಿಡಿದ ಔಷಧಿಯನ್ನು ಕೆಮ್ಮು ಹೋದ ಮೇಲೂ ಬಿಟ್ಟಿರಲಿಲ್ಲ. ಅದರಲ್ಲಿ ಅಫೀಮಿನ ಅಂಶವಿತ್ತು. ನಾಲ್ಕು ದಿನದ ಶೀಶೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಮಂಡಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಎರಡು ವರ್ಷ ಮಾರಿದವನು ನಾನೇ, ತಪ್ಪನ್ನು ಇನ್ಯಾರ ಮೇಲೆ ಹಾಕಲಿ?

ಅವರ ಹೆಂಡತಿ ತರೀಕೆರೆಯ ಡಾಕ್ಟರನ್ನು ಕಂಡು ಬಂದರು. ಒಮ್ಮೆಲೇ ನಿಲ್ಲಿಸಿದರೆ ಮನುಷ್ಯ ತಡೆಯುವುದಿಲ್ಲ, ವಾರವಾರವೂ ಒಂದಿಷ್ಟು ಇಳಿಸಿ ಆ ಜಾಗಕ್ಕೆ ಸಕ್ಕರೆ ಪಾಕ ತುಂಬಿ ಎಂದು ಚೀಟಿಯಲ್ಲಿ ಬರೆದಿತ್ತು. ಸಾಹುಕಾರರಿಗೆ ತಿಳಿಸುವುದು ಬೇಡವೆಂದು ಆಕೆ, ನಾನು ಇಬ್ಬರೇ ತೀರ್ಮಾನಿಸಿದೆವು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಣ್ಣಕ್ಕೆ ಸುಟ್ಟ ಸಕ್ಕರೆ, ಕಹಿಗೆ ಒಂದಿಷ್ಟು ನೆಲಬೇವಿನ ಕಷಾಯ. ಮಾಡುತ್ತಿರುವುದು ಚಿಕಿತ್ಸೆಯೋ ಮೋಸವೋ ನನಗೇ ತಿಳಿಯುತ್ತಿರಲಿಲ್ಲ.

ನಾಲ್ಕು ತಿಂಗಳಿಗೆ ಶೀಶೆಯಲ್ಲಿ ಬರೀ ಪಾಕ ಉಳಿಯಿತು. ಸಾಹುಕಾರರು ಕಡೂರಿನ ಬಸ್ಸು ಹತ್ತಿ ವ್ಯಾಪಾರಕ್ಕೆ ಓಡಾಡತೊಡಗಿದರು. ಮಂಡಿಯಲ್ಲಿ ಅವರ ಗಂಟಲು ಬೀದಿಗೆಲ್ಲ ಕೇಳುತ್ತಿತ್ತು. ನಾನಂತೂ ಹಿಗ್ಗಿಹೋಗಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಆಕೆ ಬಂದು, ಅಂಗಡಿ ಖಾಲಿಯಾಗುವ ತನಕ ಪಕ್ಕಕ್ಕೆ ನಿಂತಿದ್ದರು. ಈ ಸಲ ಹಳೇ ಔಷಧಿಯನ್ನೇ ತುಂಬಿಕೊಡಬೇಕಂತೆ. ನನಗೆ ತಲೆಬುಡ ಅರ್ಥವಾಗಲಿಲ್ಲ.

"ಅದು ಕುಡೀತಿದ್ದ ಎರಡು ವರ್ಷ ನನ್ ಮೇಲೆ ಕೈ ಎತ್ತಿರ್ಲಿಲ್ಲ ಕಣಣ್ಣಾ," ಎಂದರು. "ಈಗ ಮೊದ್ಲಿನಂಗೇ ಆಗ್ಬಿಟ್ಟವ್ರೆ."

ಮೊದಲು ಮನೆಯೊಳಗೆ ಹೇಗಿದ್ದರೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ನಾನು ಗುಣಪಡಿಸಿದ್ದು ಏನನ್ನು? ಕೊಟ್ಟರೆ ಗಂಡ ಮತ್ತೆ ಹಾಳು, ಕೊಡದಿದ್ದರೆ ಹೆಂಡತಿಗೆ ಏಟು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಕೊನೆಗೆ ಆಗುವುದಿಲ್ಲ ತಾಯಿ ಎಂದೆ. ತವರಿಗೆ ಹೇಳಿ ಕಳಿಸಿ, ಮಠದ ಸ್ವಾಮಿಗಳಿಗೆ ಹೇಳಿ ನೋಡಿ ಎಂದೆಲ್ಲ ಬಾಯಿಗೆ ಬಂದದ್ದನ್ನು ತೊದಲಿದೆ.

ಆಕೆ ಅಳಲಿಲ್ಲ. ಸೆರಗಿನಡಿಯಿಂದ ಖಾಲಿ ಶೀಶೆ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು.

"ಅವ್ರಿಗೆ ಬ್ಯಾಡ ಅಂದ್ರೆ ಬ್ಯಾಡ, ನನಗಾದ್ರೂ ಕೊಡಿ," ಎಂದರು.