ಏರಿ ಮೇಲ್ವಿಚಾರಕನ ಮರಣ ಪ್ರಕಟಣೆ

ಕಾಂಪೆನ್ ಊರಿನ ನಮ್ಮ ಪತ್ರಿಕೆಯಲ್ಲಿ ಫೆಮ್ಮಿ ಕರಡು ತಿದ್ದುತ್ತಿದ್ದಳು. ನಮ್ಮ ಡಚ್ ಭಾಷೆಯಲ್ಲಿ ಮೂರು ನಾಲ್ಕು ಪದ ಅಂಟಿಕೊಂಡು ಒಂದೇ ಪದವಾಗುತ್ತವೆ. ಪತ್ರಿಕೆಯ ಅಂಕಣವೋ ಅಂಗೈಯಷ್ಟೂ ಅಗಲವಿಲ್ಲ. ಸಾಲು ಮುಗಿಯುವಲ್ಲಿ ಪದವನ್ನು ಎಲ್ಲಿ ಮುರಿದು ಅಡ್ಡಗೆರೆ ಹಾಕಬೇಕೆಂದು ನೋಡುವುದೇ ಅವಳ ಮುಕ್ಕಾಲು ಕೆಲಸ. ಜಾಹೀರಾತಿನ ಮೇಜಿನಲ್ಲಿದ್ದ ನನಗೆ, ಅವಳು ಬೆರಳು ತಟ್ಟುತ್ತ ಪದಗಳನ್ನು ತುಂಡುತುಂಡಾಗಿ ಪಿಸುಗುಡುವುದು ದಿನವೂ ಕೇಳುತ್ತಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ಕಂಪ್ಯೂಟರ್ ಬಂದು ತಾನೇ ಮುರಿಯತೊಡಗಿತು. ಎರಡು ಸ್ವರಗಳ ನಡುವೆ ಒಂಟಿ ವ್ಯಂಜನ ಸಿಕ್ಕರೆ ಕೆಳಗಿನ ಸಾಲಿಗೆ ತಳ್ಳುವುದು ಅದು ಕಲಿತ ಪಾಠ. ಎರಡು ಪದ ಅಂಟಿಕೊಂಡ ಕೀಲು ಅದಕ್ಕೆ ಕಾಣುತ್ತಿರಲಿಲ್ಲ.

ಆ ಫೆಬ್ರವರಿಯಲ್ಲಿ ಹೊಳೆ ತುಂಬಿತ್ತು. ಫೆಮ್ಮಿಯ ಗಂಡ ವೋಲ್ಟರ್ ಹೊಳೆಯ ಏರಿಗಳ ಮೇಲ್ವಿಚಾರಕ. ಏರಿಯ ಮೇಲೆ ನಡೆಯುತ್ತಿದ್ದವನು ಹಾಗೇ ಕುಸಿದ, ಎದೆಬಡಿತ ನಿಂತುಹೋಗಿತ್ತು. ಮರಣದ ಪ್ರಕಟಣೆಯನ್ನು ಅವನ ತಮ್ಮ ಬೆರೆಂಟ್ ಫೆಮ್ಮಿಯ ಹೆಸರಿನಲ್ಲಿ ನಮ್ಮ ಪತ್ರಿಕೆಗೆ ಫೋನಿನಲ್ಲೇ ಬರೆಸಿದ.

ಮಣ್ಣು ಮಾಡಿ ಬಂದು ಚರ್ಚಿನ ಪಕ್ಕದ ಕೋಣೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಬೆರೆಂಟ್ ಪತ್ರಿಕೆ ಹಿಡಿದು ಬಂದ.

"ನೋಡಿದ್ರಾ ಅತ್ತಿಗೆ, ನಿಮ್ಮ ಪೇಪರ್‌ನೋರ ಘನಂದಾರಿ ಕೆಲ್ಸಾನ? ಬೇಕರೀಲಿ ಜನ ಮುಸಿಮುಸಿ ನಗ್ತಿದ್ರು!"

‘ಡೈಕ್’ ಎಂದರೆ ಏರಿ, ‘ಓಪ್‌ಝಿಖ್ತರ್’ ಎಂದರೆ ಮೇಲ್ವಿಚಾರಕ; ಎರಡೂ ಅಂಟಿಕೊಂಡರೆ ವೋಲ್ಟರ್‌ನ ಹುದ್ದೆಯ ಹೆಸರು. ಯಂತ್ರ ‘ಡೈ’ ಎಂಬಲ್ಲಿ ಮುರಿದು, ‘ಕೋಪ್‌ಝಿಖ್ತರ್’ ಎಂದು ಕೆಳಗಿಳಿಸಿತ್ತು. ‘ಡೈ’ ಎಂದರೆ ತೊಡೆ, ‘ಕೋಪ್’ ಎಂದರೆ ತಲೆ. ಸತ್ತವನು ತೊಡೆ, ತಲೆಗಳನ್ನು ನೋಡಿಕೊಳ್ಳುವವನಾಗಿದ್ದ.

ಫೆಮ್ಮಿ ಅದನ್ನು ಓದಿದಳು. "‘ಕ್’ ಮೇಲಿನ ಸಾಲಲ್ಲೇ ಉಳೀಬೇಕಿತ್ತು."

"ಅಷ್ಟೇನಾ? ಅಣ್ಣ ಸತ್ತಿದಾನೆ ಅತ್ತಿಗೆ!"

"ಗೊತ್ತು ಬೆರೆಂಟ್. ಕೇಕ್ ತಗೋ."

ಸೋಮವಾರ ಕೆಲಸಕ್ಕೆ ಬಂದಳು. ಸಂಪಾದಕರು ಕ್ಷಮೆ ಕೇಳಿ, ಪ್ರಕಟಣೆಯನ್ನು ಮತ್ತೆ ಹಾಕೋಣ, ನೀನೇ ಸರಿಮಾಡು ಎಂದರು. ಅವಳು ಕರಡನ್ನು ಮುಂದಿಟ್ಟುಕೊಂಡಳು. ಆ ಪದ ಮುರಿಯದೆ ಇಡಿಯಾಗಿ ಕೂರಬೇಕೆಂದರೆ ಸಾಲಿನಲ್ಲಿ ಇನ್ನೊಂದು ಪದ ಹೋಗಬೇಕಿತ್ತು. ಅಲ್ಲಿದ್ದದ್ದು ‘ನನ್ನ ಪ್ರೀತಿಯ ಗಂಡ’. ಅವಳು ‘ಪ್ರೀತಿಯ’ ಎಂಬುದನ್ನು ಹೊಡೆದು ಹಾಕಿದಳು.

"ಅದನ್ನ್ಯಾಕೆ ತೆಗೀತೀಯೆ ಫೆಮ್ಮಿ? ಅಂಕಣಾನೇ ಅಗಲ ಮಾಡಿಸ್ತೀನಿ, ಬಿಡು," ಎಂದೆ.

"ಬೇಡ. ಈಗ ಸರಿಯಾಗಿ ಕೂತಿದೆ."

"ಬೆರೆಂಟ್ ಏನಂತಾನೆ?"

"ಏನಾದ್ರೂ ಅಂತಾನೆ."

ಹೊಸ ಪ್ರಕಟಣೆ ಓದಿದ ಬೆರೆಂಟ್ ಅವಳ ಮನೆಗೆ ಬರುವುದನ್ನೇ ನಿಲ್ಲಿಸಿದ.

ಮುಂದೆ ಕರಡಿನ ವಿಭಾಗ ಮುಚ್ಚಿತು. ಫೆಮ್ಮಿ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕೆ ಸೇರಿದಳು. ಬುಧವಾರ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದಳು. ವೋಲ್ಟರ್‌ನ ಸುದ್ದಿ ಬಂದರೆ ಹವಾಮಾನದ ಸುದ್ದಿ ಹೇಳಿದಂತೆ ಹೇಳುತ್ತಿದ್ದಳು. ಎಷ್ಟೋ ವರ್ಷಗಳಾದ ಮೇಲೆ, ಒಮ್ಮೆಯೂ ಅಳು ಬರಲಿಲ್ಲವೇ ಎಂದು ಕೇಳಿಯೇಬಿಟ್ಟೆ.

"ಬರುತ್ತೆ ಅಂತ ನಾನೂ ಕಾದೆ ಕಣೆ," ಎಂದಳು. "ಮೊದಲ ಚಳಿಗಾಲ ಪೂರ್ತಿ ಕಾದೆ. ಆಮೇಲೆ ಕಾಯೋದೂ ಮರೆತುಹೋಯ್ತು."

ಬಸ್ಸು ತಪ್ಪಿದ್ದನ್ನು ಹೇಳಿದ ಹಾಗಿತ್ತು. ನಾನು ಇನ್ನರ್ಧ ಲೋಟ ಕಾಫಿ ಸುರಿದೆ. ಅವಳು ಕುಡಿದು, ಕೋಟು ಹಾಕಿಕೊಂಡು, ಎದುರುಗಾಳಿಯಲ್ಲಿ ಸೈಕಲ್ ತುಳಿಯುತ್ತ ಹೋದಳು.